ಅಪ್ಪ ಅಮ್ಮನ ಜೊತೆ ಟಾಲಪಸ್ ಸರೋವರಕ್ಕೆ: ಸಿಯಾಟಲ್ ಕಡೆಯ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಮೊದಲ ಎರಡು ವಾರದಲ್ಲಿ ಸ್ಪೇಸ್ ನೀಡಲ್, ದೇವಸ್ಥಾನ, ಕಾಸ್ಟ್‌ಕೋ ಎಲ್ಲ ಆಗಿಹೋಗುತ್ತದೆ. ಆಮೇಲೆ ನಾವು ಕೆಲಸಕ್ಕೆ ಹೋಗುತ್ತೇವೆ, ಅವರು ಕಿಟಕಿ ಪಕ್ಕ ಕೂತು ಎದುರುಮನೆಯವರ ಹುಲ್ಲು ನೋಡುತ್ತಾ ಇರುತ್ತಾರೆ. ಬೆಟ್ಟಕ್ಕೆ ಹೋಗೋಣ ಅಂದರೆ "ನಮ್ಮ ಕೈಲಿ ಆಗಲ್ಲಪ್ಪ, ನೀವು ಹೋಗಿ ಬನ್ನಿ" ಅಂತಾರೆ. ನಾವೂ ಸರಿ ಅಂದುಬಿಡುತ್ತೇವೆ. ಅಲ್ಲೇ ನಾವು ತಪ್ಪುವುದು ಅಂತ ನನಗೆ ಅನಿಸುತ್ತದೆ. ಅವರ ಕೈಲಿ ಆಗುತ್ತದೆ. ಸರಿಯಾದ ಜಾಗ ಆರಿಸಬೇಕು, ಅವರ ನಡಿಗೆಗೆ ನಾವು ನಡೆಯಬೇಕು, ಅಷ್ಟೇ.

ನಾನು ಆರಿಸಿದ್ದು ಟಾಲಪಸ್ ಸರೋವರ. ಮೌಂಟ್ ಬೇಕರ್-ಸ್ನೋಕ್ವಾಲ್ಮಿ ನ್ಯಾಷನಲ್ ಫಾರೆಸ್ಟ್‌ನ ಒಳಗೆ, ಆಲ್ಪೈನ್ ಲೇಕ್ಸ್ ವೈಲ್ಡರ್‌ನೆಸ್ ಅನ್ನುವ ಕಾಡಿನ ಅಂಚಿನಲ್ಲಿದೆ. ಕಾರು ನಿಲ್ಲಿಸಿದ ಜಾಗದಿಂದ ಸುಮಾರು 2 ಮೈಲಿ, ಅಂದರೆ 3 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಏರು ಸುಮಾರು 700 ಅಡಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಒಂದು ಕಾಲದಲ್ಲಿ ಹತ್ತಿದವರಿಗೆ ಇದು ಹೊಸದಲ್ಲ. ಇಲ್ಲಿ ಏರು ಉದ್ದಕ್ಕೂ ಹರಡಿಕೊಂಡಿದೆ, ಮೆಟ್ಟಿಲು ಹತ್ತಿದ ಹಾಗೆ ಒಂದೇ ಸಮ ಏದುಸಿರು ಬರುವುದಿಲ್ಲ.

ಎತ್ತರದ ಭಯವೂ ಬೇಡ. ಸರೋವರ ಇರುವುದು ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಮೇಲೆ. ಬೆಂಗಳೂರೇ 900 ಮೀಟರ್ ದಾಟಿದೆ, ಮಡಿಕೇರಿ ಇದಕ್ಕಿಂತ ಎತ್ತರದಲ್ಲಿದೆ. ಬಿಪಿ ಇರುವ ಅಪ್ಪನಿಗೆ ಇದನ್ನು ಹೇಳಿದ ಮೇಲೆ ಅರ್ಧ ಆತಂಕ ಇಳಿಯಿತು. ಆದರೂ ಹೃದಯದ ತೊಂದರೆ, ಮಂಡಿ ಆಪರೇಷನ್ ಆದವರಿದ್ದರೆ ಡಾಕ್ಟರನ್ನು ಒಂದು ಮಾತು ಕೇಳಿಯೇ ಹೊರಡಿ. ವಿಸಿಟರ್ ಇನ್ಶೂರೆನ್ಸ್ ಮಾಡಿಸಿಲ್ಲ ಅಂದರೆ ಮೊದಲು ಅದನ್ನು ಮಾಡಿಸಿ.

ಯಾವಾಗ ಹೋಗಬೇಕು

ಜುಲೈ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ. ವಯಸ್ಸಾದವರ ಜೊತೆ ಅಂದರೆ ಇಷ್ಟೇ ನನ್ನ ಉತ್ತರ.

ಎತ್ತರ ಬೆಂಗಳೂರಿನಷ್ಟೇ ಇದ್ದರೂ ಇದು ಉತ್ತರದ ನಾಡು, ಕ್ಯಾಸ್ಕೇಡ್ ಬೆಟ್ಟಸಾಲು. ಚಳಿಗಾಲದಲ್ಲಿ ಬಿದ್ದ ಹಿಮ ಮರದ ನೆರಳಿನಲ್ಲಿ ಮೇ ಕಳೆದರೂ ಕೂತಿರುತ್ತದೆ, ಕೆಲವು ವರ್ಷ ಜೂನ್‌ನಲ್ಲೂ ಇರುತ್ತದೆ. ನಾನು ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋಗಿದ್ದು ಜೂನ್ ಮೊದಲ ವಾರ. ಮನೆ ಹತ್ತಿರ ಬಿಸಿಲು ಚೆನ್ನಾಗಿತ್ತು. ಅರ್ಧ ದಾರಿ ಆದ ಮೇಲೆ ಹಾದಿ ತುಂಬ ಹಳೇ ಹಿಮ, ಮೇಲ್ಗಡೆ ಗಾಜಿನ ಹಾಗೆ ಗಟ್ಟಿ. ಅಮ್ಮ ಎರಡು ಸಲ ಜಾರಿದಳು, ಹತ್ತಿ ಸಾಕ್ಸ್ ಪೂರ್ತಿ ಒದ್ದೆಯಾಯಿತು, ತುಟಿ ನಡುಗುತ್ತಿತ್ತು. ಅಲ್ಲಿಂದಲೇ ವಾಪಸ್ ಬಂದೆವು. ಅವತ್ತು ಸರೋವರ ನೋಡಲಿಲ್ಲ, ಆದರೆ ವಾಪಸ್ ಬಂದಿದ್ದು ಸರಿ ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನ ಇಲ್ಲ. ಹಾಗಾಗಿ ಹೊರಡುವ ಹಿಂದಿನ ದಿನ ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್ ವೆಬ್‌ಸೈಟ್‌ನಲ್ಲಿ ಈ ಹಾದಿಯ ಹೆಸರು ಹುಡುಕಿ. ಆ ವಾರ ಹೋಗಿ ಬಂದವರು ಹಿಮ ಇದೆಯಾ, ಮರ ಬಿದ್ದಿದೆಯಾ, ಸೊಳ್ಳೆ ಎಷ್ಟು ಅಂತ ಬರೆದಿರುತ್ತಾರೆ. ಹವಾಮಾನ ನೋಡುವಾಗ ಸಿಯಾಟಲ್ ಪಕ್ಕದ ಬೆಲ್ವ್ಯೂದಲ್ಲ, ಬೆಟ್ಟದ ಮೇಲಿನ ಘಟ್ಟದ ದಾರಿ ಸ್ನೋಕ್ವಾಲ್ಮಿ ಪಾಸ್‌ನದು ನೋಡಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ತುಂಬುವ ದಿನಗಳೂ ಇರುತ್ತವೆ. ಗಾಳಿ ಎಷ್ಟು ಕೆಟ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಏರ್‌ನೌ ವೆಬ್‌ಸೈಟ್‌ನ ನಕ್ಷೆಯಲ್ಲಿ ಕೆಂಪು ತೋರಿಸುತ್ತಿದ್ದರೆ ಅವತ್ತು ಮನೆಯಲ್ಲೇ ಇರಿ.

ಶನಿವಾರ, ಭಾನುವಾರ ತುಂಬ ಜನ. ಸಾಧ್ಯ ಆದರೆ ವಾರದ ಮಧ್ಯೆ ಒಂದು ದಿನ ರಜೆ ಹಾಕಿ. ಆಗದಿದ್ದರೆ ಬೆಳಗ್ಗೆ ಏಳೂವರೆಗೆಲ್ಲ ಹಾದಿಯ ಬುಡದಲ್ಲಿರಿ. ಇನ್ನೊಂದು ದಾರಿ ಇದೆ: ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಮಧ್ಯಾಹ್ನ ಮೂರರ ಸುಮಾರಿಗೆ ಬೆಳಗಿನವರು ಇಳಿದು ಹೋಗಿರುತ್ತಾರೆ, ಕಾರಿಗೆ ಜಾಗ ಸಿಗುತ್ತದೆ, ಬೆಳಕೂ ಬೇಕಾದಷ್ಟು ಉಳಿದಿರುತ್ತದೆ.

ಪಾಸ್, ಪರ್ಮಿಟ್ ಮತ್ತು ಹನ್ನೆರಡು ಜನರ ನಿಯಮ

ಇಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಅದಕ್ಕೆ ನಿಧಾನಕ್ಕೆ ಹೇಳುತ್ತೇನೆ.

ಕಾರಿಗೆ ಬೇಕಾಗಿರುವುದು ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್. ದಿನಕ್ಕೆ 5 ಡಾಲರ್, ವರ್ಷಕ್ಕೆ 30 ಡಾಲರ್. ಆನ್‌ಲೈನ್‌ನಲ್ಲಿ ತೆಗೆದುಕೊಂಡು ಪ್ರಿಂಟ್ ಮಾಡಿ ಕಾರಿನ ಮುಂದಿನ ಗಾಜಿನ ಹತ್ತಿರ ಕಾಣುವ ಹಾಗೆ ಇಡಬಹುದು. ನಿಮ್ಮ ಹತ್ತಿರ ಅಮೆರಿಕ ದ ಬ್ಯೂಟಿಫುಲ್ ವಾರ್ಷಿಕ ಪಾಸ್ ಇದ್ದರೆ ಅದೂ ಆಗುತ್ತದೆ, ಬೇರೆ ಬೇಡ. ಆದರೆ ಡಿಸ್ಕವರ್ ಪಾಸ್ ಇಲ್ಲಿ ನಡೆಯುವುದಿಲ್ಲ. ಅದು ರಾಜ್ಯದ ಜಾಗಗಳಿಗೆ, ಮೌಂಟ್ ಸೈ ತರಹದ ಕಡೆಗೆ. ಇದು ಕೇಂದ್ರದ ಕೃಷಿ ಇಲಾಖೆಯ ಕೆಳಗೆ ಬರುವ ಫಾರೆಸ್ಟ್ ಸರ್ವೀಸ್‌ನ ಕಾಡು. ಎರಡೂ ಪಾಸ್ ಒಂದೇ ಅಂದುಕೊಂಡು ದಂಡದ ಚೀಟಿ ತಂದುಕೊಂಡ ಗೆಳೆಯರು ನನಗೆ ಗೊತ್ತು.

ಎರಡನೆಯದು ವೈಲ್ಡರ್‌ನೆಸ್ ಪರ್ಮಿಟ್. ಇದು ಪುಕ್ಕಟೆ. ಕುದುರೆಮುಖಕ್ಕೆ ಅರಣ್ಯ ಇಲಾಖೆಯಲ್ಲಿ ಮುಂಚೆಯೇ ಬುಕ್ ಮಾಡಿ, ಗೈಡ್ ಜೊತೆ ಹೋಗುವ ಅಭ್ಯಾಸ ಇರುವವರಿಗೆ ಇದು ವಿಚಿತ್ರ ಅನಿಸಬಹುದು. ಹಾದಿ ಶುರುವಾಗುವಲ್ಲಿ ಒಂದು ಪೆಟ್ಟಿಗೆ ಇರುತ್ತದೆ, ಅದರಲ್ಲಿ ಫಾರ್ಮ್ ಇರುತ್ತದೆ. ಎಷ್ಟು ಜನ, ಎಲ್ಲಿಗೆ, ಯಾವ ದಿನ ಅಂತ ನೀವೇ ಬರೆದು ಒಂದು ಭಾಗ ಪೆಟ್ಟಿಗೆಗೆ ಹಾಕಿ, ಇನ್ನೊಂದು ಭಾಗ ಜೊತೆಗಿಟ್ಟುಕೊಳ್ಳಿ. ಬೇಸಿಗೆ ಪೂರ್ತಿ ಇದು ಬೇಕು. ಒಂದು ಪೆನ್ನು ಇಟ್ಟುಕೊಂಡಿರಿ, ಅಲ್ಲಿ ಇದ್ದದ್ದು ಕಳೆದುಹೋಗಿರುತ್ತದೆ.

ಮೂರನೆಯದು ನಮ್ಮವರಿಗೆ ಮುಖ್ಯ. ಈ ವೈಲ್ಡರ್‌ನೆಸ್‌ನಲ್ಲಿ ಒಂದು ಗುಂಪಿನಲ್ಲಿ ಹೆಚ್ಚೆಂದರೆ 12 ಜನ ಇರಬಹುದು. ನಾವು ಹೊರಟರೆ ನಾಲ್ಕು ಮನೆ ಸೇರುತ್ತದೆ, ಅಜ್ಜ ಅಜ್ಜಿ ಮಕ್ಕಳು ಅಂತ ಎಣಿಸಿದರೆ ಹದಿನೆಂಟು ತಲೆ. ಹಾಗಿದ್ದರೆ ಎರಡು ದಿನ ಮಾಡಿಕೊಳ್ಳಿ, ಇಲ್ಲಾ ಅರ್ಧ ಜನ ಬೇರೆ ಹಾದಿಗೆ ಹೋಗಿ ಸಂಜೆ ಊಟಕ್ಕೆ ಸೇರಿ. ಕಾಡಿನ ಕಿರಿದಾದ ಹಾದಿಯಲ್ಲಿ ಹದಿನೆಂಟು ಜನ ಮಾತಾಡುತ್ತಾ ಹೋದರೆ ಹಿಂದೆ ಮುಂದೆ ಇರುವವರಿಗೆ ಕಾಡು ಕೇಳಿಸುವುದೇ ಇಲ್ಲ. ಡ್ರೋನ್ ಕೂಡ ವೈಲ್ಡರ್‌ನೆಸ್ ಒಳಗೆ ನಿಷೇಧ. ನಾಯಿ ಇದ್ದರೆ ಹಗ್ಗ ಕಟ್ಟಿಯೇ ಕರೆದೊಯ್ಯಿ.

ಏನು ಹಾಕಿಕೊಳ್ಳಬೇಕು, ಏನು ಹೊರಬೇಕು

ಶೂ ಬಗ್ಗೆ ಮೊದಲು. ಊರಿಂದ ತಂದ ಸ್ಯಾಂಡಲ್, ವಾಕಿಂಗ್‌ಗೆ ಅಂತ ಕೊಡಿಸಿದ ನಯವಾದ ತಳದ ಶೂ ಎರಡೂ ಬೇಡ. ಹಾದಿಯಲ್ಲಿ ಮರದ ಬೇರುಗಳು ಹಾವಿನ ಹಾಗೆ ಅಡ್ಡ ಹರಡಿವೆ, ಒದ್ದೆಯಾದರೆ ಜಾರುತ್ತವೆ. ತಳ ಒರಟಾಗಿರುವ ಹೈಕಿಂಗ್ ಶೂ ಒಂದು ಜೊತೆ ಕೊಡಿಸಿ, ಹೋಗುವ ಮೊದಲು ಒಂದು ವಾರ ಮನೆ ಸುತ್ತ ಅದನ್ನೇ ಹಾಕಿಕೊಂಡು ನಡೆಯಲಿ. ಸಾಕ್ಸ್ ಉಣ್ಣೆಯದು ಇರಲಿ, ಹತ್ತಿಯದು ಬೇಡ. ಹತ್ತಿ ಒಂದು ಸಲ ಒದ್ದೆಯಾದರೆ ಒಣಗುವುದೇ ಇಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಜೀನ್ಸಿಗೂ ಇದೇ ಮಾತು. ಅಮ್ಮ ಚೂಡಿದಾರ್ ಹಾಕಿಕೊಂಡಿದ್ದಳು, ದುಪಟ್ಟಾ ಮನೆಯಲ್ಲೇ ಬಿಟ್ಟಳು, ಏನೂ ತೊಂದರೆ ಆಗಲಿಲ್ಲ.

ಊರುಗೋಲು ತಪ್ಪದೇ ಬೇಕು, ಒಬ್ಬರಿಗೆ ಎರಡು. ಟ್ರೆಕ್ಕಿಂಗ್ ಪೋಲ್ ಅಂತ ಸಿಗುತ್ತದಲ್ಲ, ಅದು. ಅಪ್ಪ ಮೊದಲು "ನಾನೇನು ಮುದುಕನಾ" ಅಂದರು. ಇಳಿಯುವಾಗ ಅವರೇ ಬಿಡಲಿಲ್ಲ. ಹತ್ತುವಾಗ ಉಸಿರು ಕಷ್ಟ, ಇಳಿಯುವಾಗ ಮಂಡಿ ಕಷ್ಟ. ಕೋಲು ಊರಿದರೆ ಮಂಡಿಯ ಮೇಲಿನ ಭಾರ ಕೈಗೆ ಹಂಚಿಹೋಗುತ್ತದೆ. ಹತ್ತುವಾಗ ಕೋಲು ಗಿಡ್ಡ, ಇಳಿಯುವಾಗ ಉದ್ದ ಮಾಡಿಕೊಳ್ಳಿ.

ಸರೋವರದ ಹತ್ತಿರ ಕೂತರೆ ಹತ್ತು ನಿಮಿಷದಲ್ಲಿ ಚಳಿ ಹತ್ತುತ್ತದೆ, ಯಾಕೆಂದರೆ ನಡೆದು ಬೆವೆತಿರುತ್ತೇವೆ. ಎಲ್ಲರಿಗೂ ಒಂದು ಬೆಚ್ಚನೆ ಜಾಕೆಟ್, ಒಂದು ಮಳೆ ಕೋಟು, ಅಮ್ಮನಿಗೆ ಕಿವಿ ಮುಚ್ಚುವ ಟೋಪಿ ಆಗಸ್ಟ್‌ನಲ್ಲೂ ಬ್ಯಾಗಿನಲ್ಲಿರಲಿ. ಒಬ್ಬರಿಗೆ ಒಂದೂವರೆ ಲೀಟರ್ ನೀರು. ದಿನದ ಮಾತ್ರೆಗಳು, ಸಕ್ಕರೆ ಕಾಯಿಲೆ ಇದ್ದರೆ ಕೈಗೆ ಸಿಗುವ ಹಾಗೆ ಸಿಹಿ. ತಲೆಗೆ ಕಟ್ಟುವ ಟಾರ್ಚ್, ಸಣ್ಣ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಪವರ್ ಬ್ಯಾಂಕ್. ಸಿಯಾಟಲ್‌ನ ಮೌಂಟನೀರ್ಸ್ ಸಂಘದವರು 1930ರ ದಶಕದಲ್ಲೇ ಬೆಟ್ಟಕ್ಕೆ ಹೊರಡುವವರಿಗೆ ಹತ್ತು ಅಗತ್ಯ ವಸ್ತುಗಳ ಪಟ್ಟಿ ಮಾಡಿದ್ದರು. ಇವತ್ತಿಗೂ ಇಲ್ಲಿನವರು ಅದನ್ನೇ ಪಾಲಿಸುತ್ತಾರೆ. ಎರಡೇ ಮೈಲಿ ಅಲ್ವಾ ಅಂತ ಬಿಡಬೇಡಿ.

ಮಲೆನಾಡಿನವರು ಕೇಳುವ ಮೊದಲ ಪ್ರಶ್ನೆ ಇಂಬಳದ್ದು. ಇಲ್ಲಿ ಕಾಲಿಗೆ ಹತ್ತುವ ಇಂಬಳದ ಕಾಟ ಇಲ್ಲ. ಸೊಳ್ಳೆ ಇದೆ, ಜುಲೈನಲ್ಲಿ ನೀರಿನ ಹತ್ತಿರ ತುಂಬ. ಕೈಕಾಲಿಗೆ ಹಚ್ಚುವ ಮದ್ದು ಇಟ್ಟುಕೊಳ್ಳಿ, ತುಂಬು ತೋಳಿನ ಅಂಗಿ ಹಾಕಿ.

ಊಟ

ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಪುಳಿಯೋಗರೆ, ಮೊಸರನ್ನ, ಮಕ್ಕಳಿಗೆ ಚಪಾತಿ ಸುರುಳಿ, ನಡುವೆ ಬಾಯಾಡಿಸಲು ಕೋಡುಬಳೆ. ಫ್ಲಾಸ್ಕ್‌ನಲ್ಲಿ ಕಾಫಿ. ಸರೋವರದ ದಡದಲ್ಲಿ ಮರದ ದಿಮ್ಮಿ ಮೇಲೆ ಕೂತು ಬಿಸಿ ಕಾಫಿ ಕುಡಿದಾಗ ಅಮ್ಮನ ಮುಖದಲ್ಲಿ ಬಂದ ನಗುವಿಗಾಗಿಯೇ ಆ ಫ್ಲಾಸ್ಕ್ ಹೊರಬಹುದು. ಅನ್ನವನ್ನು ಮನೆಯಲ್ಲೇ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿಗೆ ಹಾಕಿ. ಅಲ್ಲಿ ಬಡಿಸಲು ಹೋದರೆ ಅಗುಳು ನೆಲಕ್ಕೆ ಬೀಳುತ್ತದೆ, ಆಮೇಲೆ ಇಲಿ, ಹಕ್ಕಿ ಬರುತ್ತವೆ.

ದಾರಿ

ಐ-90 ಹೆದ್ದಾರಿ ಹಿಡಿದು ಪೂರ್ವಕ್ಕೆ. ಈ ರಸ್ತೆಯಲ್ಲಿ ಎಕ್ಸಿಟ್ ನಂಬರ್ ಅಂದರೆ ಮೈಲಿಗಲ್ಲಿನ ಲೆಕ್ಕವೇ. ಬೆಲ್ವ್ಯೂ ಹತ್ತಿರ 10, ನಾರ್ತ್ ಬೆಂಡ್ 31, ನಮಗೆ ಬೇಕಾದದ್ದು 45. ಅಂದರೆ ಬೆಲ್ವ್ಯೂದಿಂದ ಹೆದ್ದಾರಿಯಲ್ಲಿ 35 ಮೈಲಿ. ನಾರ್ತ್ ಬೆಂಡ್‌ನಲ್ಲಿ ನಿಲ್ಲಿಸಿ ಪೆಟ್ರೋಲ್ ನೋಡಿಕೊಳ್ಳಿ, ಎಲ್ಲರೂ ಬಾತ್‌ರೂಮಿಗೆ ಹೋಗಿ ಬರಲಿ. ಮುಂದೆ ಸಿಗುವುದು ಹಾದಿಯ ಬುಡದ ಗುಂಡಿ ಶೌಚಾಲಯ ಮಾತ್ರ, ಅಲ್ಲಿ ನೀರು ಇರುವುದಿಲ್ಲ. ನಮ್ಮ ಹಿರಿಯರಿಗೆ ಇದು ದೊಡ್ಡ ವಿಷಯ, ಆದ್ದರಿಂದ ಮೊದಲೇ ಹೇಳಿಬಿಡಿ. ಒಂದು ಬಾಟಲಿ ನೀರು, ಒದ್ದೆ ಟಿಶ್ಯೂ, ಸ್ಯಾನಿಟೈಸರ್ ಬೇರೆಯಾಗಿ ಇಟ್ಟುಕೊಳ್ಳಿ. ನಕ್ಷೆಯನ್ನೂ ಇಲ್ಲೇ ಫೋನಿಗೆ ಇಳಿಸಿಕೊಳ್ಳಿ, ಮುಂದೆ ಸಿಗ್ನಲ್ ನಂಬುವ ಹಾಗಿಲ್ಲ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಯಾರಿಗಾದರೂ ಒಂದು ಮೆಸೇಜ್ ಹಾಕಿ.

ಎಕ್ಸಿಟ್ 45ರಲ್ಲಿ ಇಳಿದು ಎಡಕ್ಕೆ, ಹೆದ್ದಾರಿಯ ಕೆಳಗೆ ಹಾದು ಫಾರೆಸ್ಟ್ ರೋಡ್ 9030. ಒಂದು ಮೈಲಿ ಒಳಗೇ ರಸ್ತೆ ಕವಲಾಗುತ್ತದೆ. ಎಡಕ್ಕೆ ಹೋದರೆ 9031, ಅದು ಮೇಸನ್ ಲೇಕ್ ಹಾದಿಗೆ ಹೋಗುತ್ತದೆ, ಅದು ಕಡಿದಾದ ಏರು, ಅಪ್ಪ ಅಮ್ಮನಿಗಲ್ಲ. ನೀವು ಬಲಕ್ಕೆ ಹಿಡಿಯಿರಿ. ಜಲ್ಲಿ ರಸ್ತೆ, ಅಲ್ಲಲ್ಲಿ ಗುಂಡಿ. ಸಾಮಾನ್ಯ ಕಾರು ನಿಧಾನಕ್ಕೆ ಹೋಗುತ್ತದೆ. ರಸ್ತೆ ಮುಗಿದಲ್ಲೇ ಹಾದಿ ಶುರು.

ಕಾರಿನ ಒಳಗೆ ಏನೂ ಕಾಣುವ ಹಾಗೆ ಬಿಡಬೇಡಿ. ಖಾಲಿ ಬ್ಯಾಗೂ ಬೇಡ. ಕಾಡಿನ ಪಾರ್ಕಿಂಗ್‌ಗಳಲ್ಲಿ ಗಾಜು ಒಡೆದು ಕದಿಯುವುದು ಇಲ್ಲಿ ಆಗುತ್ತಾ ಇರುತ್ತದೆ. ಪಾಸ್‌ಪೋರ್ಟ್ ಅಂತೂ ಮನೆಯಲ್ಲೇ ಇರಲಿ.

ಜಾಗ ಸಿಗಲಿಲ್ಲ ಅಂದರೆ? ರಸ್ತೆಗೆ ಅಡ್ಡ ಆಗುವ ಹಾಗೆ ನಿಲ್ಲಿಸಬೇಡಿ, ಆಂಬುಲೆನ್ಸ್ ಬರಬೇಕಾದರೆ ಅದೇ ರಸ್ತೆ. ಮುಂದೆ ಎಕ್ಸಿಟ್ 47ರಲ್ಲಿ ಫ್ರಾಂಕ್ಲಿನ್ ಫಾಲ್ಸ್ ಇದೆ, ಹೋಗಿ ಬರಲು ಸುಮಾರು 2 ಮೈಲಿ. ನಡೆಯಲು ಇನ್ನೂ ಕಷ್ಟ ಇರುವವರಿಗೆ ಸ್ನೋಕ್ವಾಲ್ಮಿ ಪಾಸ್ ದಾಟಿ ಎಕ್ಸಿಟ್ 54ರ ಗೋಲ್ಡ್ ಕ್ರೀಕ್ ಪಾಂಡ್, ಅಲ್ಲಿ ಟಾರು ಹಾಕಿದ ಸಮತಟ್ಟು ದಾರಿ. ತೆರೆದಿದೆಯಾ ಅಂತ ಮನೆಯಿಂದಲೇ ನೋಡಿಕೊಂಡಿರಿ.

ನಡೆಯುವುದು

ಶುರುವಿನಲ್ಲಿ ಹಾದಿ ಅಗಲ, ಹಿಂದೆ ಮರ ಸಾಗಿಸಲು ಮಾಡಿದ ರಸ್ತೆ ಅದು. ಆಮೇಲೆ ಕಾಡು ಸೇರಿ ಅಂಕುಡೊಂಕಾಗಿ ಏರುತ್ತದೆ. ಎರಡೂ ಕಡೆ ಹೆಮ್ಲಾಕ್, ಫರ್ ಮರಗಳು, ಕೆಳಗೆ ಜರಿಗಿಡ, ಬಂಡೆ ಮೇಲೆಲ್ಲ ಪಾಚಿ. ಅಪ್ಪನಿಗೆ ಆಗುಂಬೆ ನೆನಪಾಯಿತು. "ಆದರೆ ಹಕ್ಕಿ ಸದ್ದು ಕಡಿಮೆ" ಅಂದರು, ಅದು ನಿಜ.

ಅತಿ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಇದು ಈ ಇಡೀ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು. ಅವರನ್ನು ಹಿಂದೆ ಬಿಟ್ಟರೆ ಏನಾಗುತ್ತದೆ ನೋಡಿ: ಮುಂದಿನವರು ಹೋಗಿ ನಿಂತು ಕಾಯುತ್ತಾರೆ, ದಣಿವಾರಿಸಿಕೊಳ್ಳುತ್ತಾರೆ, ಅಮ್ಮ ಏದುತ್ತಾ ಬಂದು ಸೇರುತ್ತಿದ್ದ ಹಾಗೇ "ಹೊರಡೋಣವಾ" ಅಂತಾರೆ. ಜಾಸ್ತಿ ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ. ಅವರು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಅಮ್ಮ ಮುಂದೆ ಇದ್ದರೆ ಎಲ್ಲರೂ ಅವಳ ನಡಿಗೆಗೆ ನಡೆಯುತ್ತಾರೆ. ಮಾತಾಡುತ್ತಾ ನಡೆಯಲು ಆಗುತ್ತಿದೆಯಾ ಗಮನಿಸಿ. ಮಾತು ನಿಂತಿತು ಅಂದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ಅರ್ಧ ಗಂಟೆಗೊಮ್ಮೆ ಐದು ನಿಮಿಷ ಕೂರಿ, ಬಾಯಾರಿಕೆ ಇಲ್ಲದಿದ್ದರೂ ಎರಡು ಗುಟುಕು ನೀರು ಕುಡಿಯಲಿ.

ನಾವು ನೀವಾದರೆ ಒಂದು ಗಂಟೆ ಸ್ವಲ್ಪದಲ್ಲಿ ತಲುಪುತ್ತೇವೆ. ಅಪ್ಪ ಅಮ್ಮನ ಜೊತೆ ಎರಡು ಗಂಟೆ ಇಟ್ಟುಕೊಳ್ಳಿ. ಹೊರಡುವ ಮೊದಲೇ ಇಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್ ಅಂತ ಗಟ್ಟಿಯಾಗಿ ಮಾತಾಡಿಕೊಳ್ಳಿ. ಎದೆ ನೋವು, ತಲೆ ಸುತ್ತು, ತುಂಬ ಬೆವರು ಬಂದರೆ ಸರೋವರ ಕಣ್ಣೆದುರು ಇದ್ದರೂ ನಿಲ್ಲಿಸಿ. ಸಿಗ್ನಲ್ ಸಿಕ್ಕಿದ ಕಡೆ 911.

ಕರಡಿ ಇದೆಯಾ? ಇದೆ, ಕಪ್ಪು ಕರಡಿ. ಮಾತಾಡಿಕೊಂಡು ಹೋದರೆ ಅವೇ ದೂರ ಹೋಗುತ್ತವೆ. ಕಂಡರೆ ಓಡಬೇಡಿ, ಮಕ್ಕಳನ್ನು ಹತ್ತಿರ ಕರೆದುಕೊಳ್ಳಿ, ಮಾತಾಡುತ್ತಲೇ ನಿಧಾನಕ್ಕೆ ಹಿಂದೆ ಸರಿಯಿರಿ.

ಮೇಲೆ ಹೋದ ಹಾಗೆ ತೊರೆಯ ಸದ್ದು ಹತ್ತಿರವಾಗುತ್ತದೆ, ಒದ್ದೆ ಜಾಗಗಳಲ್ಲಿ ಹಲಗೆ ಹಾಸಿದ್ದಾರೆ. ಮರದ ನಡುವೆ ನೀರು ಹೊಳೆಯುತ್ತದೆ. ದಡಕ್ಕೆ ಇಳಿಯುವ ಸಣ್ಣ ಕಾಲುದಾರಿಗಳಿವೆ, ಚೆನ್ನಾಗಿ ಸವೆದದ್ದನ್ನೇ ಹಿಡಿಯಿರಿ.

ಸರೋವರದ ಹತ್ತಿರ

ಅಮ್ಮ ದಡದಲ್ಲಿ ನಿಂತು ಮೊದಲು ಕೇಳಿದ್ದು "ಇದಕ್ಕೆ ಏರಿ ಯಾರು ಕಟ್ಟಿಸಿದ್ದು?" ನಮ್ಮ ಕಡೆ ಕೆರೆ ಅಂದರೆ ಏರಿ ಇರಲೇಬೇಕಲ್ವಾ. ಇದಕ್ಕೆ ಏರಿ ಇಲ್ಲ, ತೂಬೂ ಇಲ್ಲ. ಈ ಬೆಟ್ಟಸಾಲಿನ ಇಂಥ ಸರೋವರಗಳಲ್ಲಿ ಹೆಚ್ಚಿನವು ಸಾವಿರಾರು ವರ್ಷಗಳ ಹಿಂದೆ ಹಿಮನದಿ ಕಲ್ಲನ್ನು ಕೊರೆದು ಹೋದ ಜಾಗಗಳು. ಆಲ್ಪೈನ್ ಲೇಕ್ಸ್ ವೈಲ್ಡರ್‌ನೆಸ್ ಒಂದರಲ್ಲೇ 700ಕ್ಕೂ ಹೆಚ್ಚು ಸರೋವರ, ಕೊಳಗಳಿವೆ. 1976ರಲ್ಲಿ ಕಾನೂನು ಮಾಡಿ ಇದನ್ನು ಉಳಿಸಿಕೊಂಡರು, 2014ರಲ್ಲಿ ಇನ್ನಷ್ಟು ಸೇರಿಸಿದರು. ಟಾಲಪಸ್ ಅನ್ನುವುದು ಚಿನೂಕ್ ಜಾರ್ಗನ್ ಮಾತು, ಬೇರೆ ಬೇರೆ ಮೂಲನಿವಾಸಿ ಜನ ಮತ್ತು ವ್ಯಾಪಾರಿಗಳು ಪರಸ್ಪರ ಮಾತಾಡಲು ಬಳಸುತ್ತಿದ್ದ ಭಾಷೆ ಅದು. ಅರ್ಥ ಕಯೋಟಿ, ನಮ್ಮ ನರಿಯ ಹಾಗಿನ ಪ್ರಾಣಿ.

ಅಮ್ಮ ಬ್ಯಾಗಿನಿಂದ ಅರಿಶಿನ ಕುಂಕುಮದ ಪೊಟ್ಟಣ ತೆಗೆದಳು. ತುಂಬಿದ ಕೆರೆ ಕಂಡರೆ ಬಾಗಿನ ಕೊಡುವ ಊರಿನವಳು, ಬರಿಗೈಲಿ ನಿಲ್ಲಲು ಮನಸ್ಸು ಬರಲಿಲ್ಲ. ಈ ನೀರಿಗೆ ಏನೂ ಹಾಕಬಾರದು ಅಂತ ಹೇಳಿದೆ, ಕಾಸು, ಹೂವು ಕೂಡ. ಸ್ವಲ್ಪ ಹೊತ್ತು ಸುಮ್ನೆ ನಿಂತು, ಕೈಮುಗಿದು, ಆ ಕುಂಕುಮವನ್ನು ತನ್ನ ಹಣೆಗೇ ಇಟ್ಟುಕೊಂಡಳು. ನಿಮ್ಮ ಮನೆಯವರಿಗೂ ಮೊದಲೇ ಹೇಳಿರಿ, ಅಲ್ಲಿ ಹೇಳಿದರೆ ನೋವಾಗುತ್ತದೆ.

ತಟ್ಟೆ, ಡಬ್ಬಿ ಸರೋವರದಲ್ಲಿ ತೊಳೆಯಬೇಡಿ. ಒರೆಸಿ ಹಾಗೇ ಮನೆಗೆ ತನ್ನಿ. ಕಿತ್ತಳೆ ಸಿಪ್ಪೆ, ಕರಿಬೇವಿನ ಎಸಳು ಮಣ್ಣಿಗೆ ಸೇರಿಹೋಗುತ್ತದೆ ಅಂತ ಎಸೆಯುತ್ತೇವೆ, ಈ ಚಳಿಯ ನೆಲದಲ್ಲಿ ಅದು ಬೇಗ ಕೊಳೆಯುವುದಿಲ್ಲ. ಕಸದ ಡಬ್ಬಿ ಎಲ್ಲೂ ಇಲ್ಲ, ಒಂದು ಚೀಲ ತನ್ನಿ. ಬೂದು ಬಣ್ಣದ ಜೇ ಹಕ್ಕಿ ಬಂದು ಕೈ ಹತ್ತಿರವೇ ಕೂರಬಹುದು, ಮಕ್ಕಳಿಗೆ ಆಸೆಯಾಗುತ್ತದೆ, ಆದರೂ ಕಾಳು ಕೊಡಬೇಡಿ. ಮಧ್ಯೆ ಶೌಚಕ್ಕೆ ಹೋಗಬೇಕಾಗಿ ಬಂದರೆ ನೀರು ಮತ್ತು ಹಾದಿಯಿಂದ 200 ಅಡಿ ಆಚೆ, 6ರಿಂದ 8 ಇಂಚು ಆಳದ ಗುಂಡಿ ತೆಗೆದು ಮುಚ್ಚಿ, ಟಿಶ್ಯೂ ಮಾತ್ರ ಜಿಪ್ ಚೀಲದಲ್ಲಿ ವಾಪಸ್. ಬೆಂಕಿ ಹಾಕಬೇಡಿ. ದಡದ ದಿಮ್ಮಿಗಳ ಮೇಲೆ ಮಕ್ಕಳು ಹತ್ತಲು ಓಡುತ್ತಾರೆ, ಅವು ತೇಲುತ್ತಿರುತ್ತವೆ, ಕೆಳಗೆ ನೀರು ಕೊರೆಯುವಷ್ಟು ತಣ್ಣಗೆ. ಕೈ ಹಿಡಿದುಕೊಳ್ಳಿ.

ಇನ್ನೂ ಮುಂದೆ ಹೋಗಬೇಕು ಅನಿಸಿದರೆ

ಸುಮಾರು ಒಂದು ಮೈಲಿ ಆಚೆ, ಇನ್ನೊಂದು 500 ಅಡಿ ಮೇಲೆ ಓಲಾಲಿ ಸರೋವರ ಇದೆ. ಓಲಾಲಿ ಅಂದರೆ ಅದೇ ಭಾಷೆಯಲ್ಲಿ ಬೆರ್ರಿ ಹಣ್ಣು. ಆಗಸ್ಟ್ ಕೊನೆಯಲ್ಲಿ ಹೋದರೆ ಹಾದಿ ಪಕ್ಕ ಹಕಲ್‌ಬೆರ್ರಿ ಹಣ್ಣಾಗಿರುತ್ತದೆ. ಗುರುತು ಖಚಿತ ಇದ್ದರೆ ಮಾತ್ರ ತಿನ್ನಿ, ಇದೇ ಕಾಡುಗಳಲ್ಲಿ ಕೆಂಪಗೆ ಹೊಳೆಯುವ ವಿಷದ ಬೇನ್‌ಬೆರ್ರಿಯೂ ಬೆಳೆಯುತ್ತದೆ. ಮೊದಲ ಸಲಕ್ಕೆ ಟಾಲಪಸ್ ಸಾಕು ಅಂತಲೇ ನನ್ನ ಸಲಹೆ. ಇಳಿಯುವುದಕ್ಕೂ ಒಂದೂವರೆ ಗಂಟೆ ಬೇಕು, ಮಂಡಿ ಎಷ್ಟು ತಡೆಯುತ್ತದೆ ಅಂತ ಗೊತ್ತಾಗುವುದು ಇಳಿಯುವಾಗಲೇ. ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ, ಮಾರನೇ ದಿನ ಕಾಲು ಬಿಗಿದಿದ್ದರೆ ಮನೆ ಸುತ್ತ ಹತ್ತು ನಿಮಿಷ ನಿಧಾನಕ್ಕೆ ಓಡಾಟ. ಒಂದು ವಾರ ಬಿಟ್ಟು ನೋವು ಏನೂ ಇಲ್ಲ ಅಂದರೆ ಓಲಾಲಿಗೆ ಹೊರಡಿ. ನಮ್ಮ ಮನೆಯಲ್ಲಿ ಆ ಮಾತು ತೆಗೆದಿದ್ದು ಅಪ್ಪ, ಊಟದ ಹೊತ್ತಿನಲ್ಲಿ. ಅಮ್ಮ ಅಷ್ಟರಲ್ಲಿ ಶೂ ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟಿದ್ದಳು.